ಕೊಬ್ಬು ಯಾರಿಗೆ, ವಾಸನೆ ಯಾರಿಗೆ?

ವಿಮರ್ಶೆ ಅಂದರೆ ಕಾವ್ಯ, ಕಾದಂಬರಿಗಳ ಬಗ್ಗೆ ಬರೆಯುವುದು ಎಂದು ನಮ್ಮ ಪಂಡಿತರು ಕಲಿಸಿಕೊಟ್ಟಿದ್ದಾರೆ. ಅಡುಗೆ ಬೇಯಿಸಿದವರು ಬರೆಯಲಿಲ್ಲ, ಬರೆದವರು ಅಡುಗೆ ಬೇಯಿಸಲಿಲ್ಲ. ಹೀಗಾಗಿ ಒಲೆ, ಬಾಣಲೆ, ಕಸಾಯಿಖಾನೆ ಇವು ವಿಮರ್ಶೆಯ ಹೊಸ್ತಿಲು ದಾಟಿ ಒಳಗೆ ಬರಲೇ ಇಲ್ಲ. ಈ ಲೇಖನದಲ್ಲಿ ನಾನು ಓದಲು ಹೊರಟಿರುವುದು ಒಂದು ಮಾಂಸದ ಪೊಟ್ಟಣವನ್ನು.

ನನ್ನ ತಂಗಿಯ ಮಗ ರಜೆಗೆ ಊರಿಗೆ ಬಂದಿದ್ದ. ನಮ್ಮ ಕೇರಿಯಲ್ಲಿ ಹುಟ್ಟಿ, ಹಾಸ್ಟೆಲಿನ ಅನ್ನ ತಿಂದು ಓದಿ, ಅಮೆರಿಕಕ್ಕೆ ಕಂಪ್ಯೂಟರ್ ಕೆಲಸಕ್ಕೆ ಹೋದ ಹುಡುಗ. "ಅಲ್ಲಿ ಬೆಳಿಗ್ಗೆ ಏನ್ ತಿಂತೀಯ ಮಗ?" ಅಂತ ನಮ್ಮವ್ವ ಕೇಳಿದಳು. ಅವನು ಫೋನಿನಲ್ಲಿ ಒಂದು ಪೊಟ್ಟಣದ ಚಿತ್ರ ತೋರಿಸಿದ. "ಹಂದಿ ಬಾಡು ಅಜ್ಜಿ. ಹುರಿದೇ ಮಾರ್ತಾರೆ. ಬಿಚ್ಚೋದು, ತಿನ್ನೋದು, ಅಷ್ಟೇ." ಅವ್ವ ಚಿತ್ರವನ್ನು ನೋಡಿ ಒಂದೇ ಮಾತು ಕೇಳಿದಳು: "ಹುರಿದ್ರೆ ಕೊಬ್ಬು ಇಳೀತದಲ್ಲ, ಅದು ಯಾರಿಗೆ ಹೋಯ್ತು?" ಹುಡುಗ ನಕ್ಕ. ನನಗೆ ನಗು ಬರಲಿಲ್ಲ.

ರಾತ್ರಿ ಜಗಲಿ ಮೇಲೆ ಕೂತಾಗ ಅವನೇ ಇನ್ನೊಂದು ಮಾತು ಹೇಳಿದ. "ಹಸೀದು ತಂದು ಹುರಿದ್ರೆ ಮನೆಯೆಲ್ಲಾ ವಾಸನೆ ಮಾವ. ಜೊತೇಲಿರೋ ಹುಡುಗರು ನಮ್ಮ ದೇಶದೋರೇ. 'ನಿಮ್ಮ ಮನೇಲಿ ಇದನ್ನೆಲ್ಲ ತಿಂತೀರಾ' ಅಂತ ಶುರುವಾಗುತ್ತೆ. ಆಮೇಲೆ ಊರು ಯಾವುದು, ಹೆಸರಿನ ಮುಂದೆ ಏನಿದೆ ಅಂತ ಬರುತ್ತೆ. ಇದಾದ್ರೆ ಒಲೆ ಹಚ್ಚೋ ಹಂಗೇ ಇಲ್ಲ."

ಕೊಬ್ಬು ಯಾರಿಗೆ ಹೋಯಿತು, ವಾಸನೆ ಎಲ್ಲಿ ಹೋಯಿತು? ಈ ಎರಡು ಪ್ರಶ್ನೆ ಹಿಡಿದುಕೊಂಡು ಈ ಪೊಟ್ಟಣವನ್ನು ಓದೋಣ.

*

ಬೇಕನ್ ಅಂದರೆ ಹಂದಿಯ ಹೊಟ್ಟೆಭಾಗದ ಮಾಂಸ. ಉಪ್ಪು, ಸಕ್ಕರೆ, ನೈಟ್ರೈಟ್ ಬೆರೆಸಿದ ನೀರು ಹಿಡಿಸಿ, ಹೊಗೆ ಕೊಟ್ಟು, ತೆಳ್ಳಗೆ ಪಟ್ಟಿ ಪಟ್ಟಿಯಾಗಿ ಕೊಯ್ದಿರುತ್ತಾರೆ. ಹಸಿ ಬೇಕನ್ನನ್ನು ಮನೆಗೆ ತಂದು ಬಾಣಲೆಯಲ್ಲಿ ಹುರಿಯಬೇಕು. ಎಣ್ಣೆ ಬೇಡ, ಅದರ ಕೊಬ್ಬಿನಲ್ಲೇ ಅದು ಹುರಿಯುತ್ತದೆ. ಕೈಗೆ ಸಿಡಿಯುತ್ತದೆ, ಒಲೆಯ ಸುತ್ತ ಜಿಡ್ಡಾಗುತ್ತದೆ. ಬೇಯಿಸಿಟ್ಟ ಬೇಕನ್ನಿಗೆ ಈ ತಾಪತ್ರಯ ಇಲ್ಲ. ಕಾರ್ಖಾನೆಯಲ್ಲಿ ಪಟ್ಟಿಗಳು ಬೆಲ್ಟಿನ ಮೇಲೆ ಸಾಗುತ್ತಾ ಉದ್ದನೆಯ ಮೈಕ್ರೋವೇವ್ ಒಲೆಯೊಳಗೆ ಹಸಿಯಾಗಿ ಹೋಗಿ ಗರಿಗರಿಯಾಗಿ ಹೊರಗೆ ಬರುತ್ತವೆ. ಕೊಂಡವರು ಅರೆ ನಿಮಿಷ ಬಿಸಿ ಮಾಡಿದರಾಯಿತು, ಮಾಡದೆಯೂ ತಿನ್ನಬಹುದು.

ಬೆಲೆಯ ಮಾತಿಗೆ ಬರೋಣ. ಗ್ರಾಮಿಗೆ ಗ್ರಾಮು ಹೋಲಿಸಿದರೆ ಬೇಯಿಸಿಟ್ಟದ್ದು ಬಲು ದುಬಾರಿ. ಆದರೆ ಆ ಹೋಲಿಕೆಯೇ ಸರಿಯಲ್ಲ. ಹುರಿದಾಗ ನೀರು ಆರುತ್ತದೆ, ಕೊಬ್ಬು ಇಳಿಯುತ್ತದೆ. ಅಮೆರಿಕದ ಕೃಷಿ ಇಲಾಖೆಯ ನಿಯಮದ ಪ್ರಕಾರ ಬೇಯಿಸಿದ ಬೇಕನ್ನಿನ ತೂಕ ಹಸಿ ತೂಕದ ಶೇಕಡಾ 40ನ್ನು ಮೀರುವಂತಿಲ್ಲ. ಅಂದರೆ 70 ಗ್ರಾಮಿನ ಪೊಟ್ಟಣದೊಳಗೆ ಕಡಿಮೆಯೆಂದರೂ 175 ಗ್ರಾಂ ಹಸಿ ಮಾಂಸ ಇದೆ. ಲೆಕ್ಕ ಸುಲಭ. ಹಸಿ ಬೇಕನ್ನಿನ ದರವನ್ನು ಎರಡೂವರೆಯಿಂದ ಗುಣಿಸಿ. ಅದಕ್ಕಿಂತ ಎಷ್ಟು ಹೆಚ್ಚು ಕೇಳುತ್ತಾರೋ ಅದು ಹುರಿದದ್ದಕ್ಕೆ, ಪಾತ್ರೆ ತೊಳೆಯದೆ ಉಳಿದದ್ದಕ್ಕೆ ಕೊಡುವ ಕೂಲಿ.

ಈ ಕೂಲಿಯನ್ನು ಹೀಯಾಳಿಸುವ ಹಕ್ಕು ನಮಗಿಲ್ಲ. ರಾತ್ರಿಪಾಳಿ ಮುಗಿಸಿ ಬಂದು, ಮಕ್ಕಳನ್ನು ಸ್ಕೂಲಿಗೆ ಕಳಿಸಿ, ಮತ್ತೊಂದು ಕೆಲಸಕ್ಕೆ ಓಡುವ ಹೆಣ್ಣುಮಗಳಿಗೆ ಆ ಹತ್ತು ನಿಮಿಷ ಹತ್ತು ನಿಮಿಷವೇ. "ಕೈಯಡುಗೆಯ ರುಚಿ ಹೋಯಿತು" ಅಂತ ಕೊರಗುವವರಲ್ಲಿ ಬಹಳ ಮಂದಿ ತಮ್ಮ ಜೀವಮಾನದಲ್ಲಿ ಒಂದು ಬಾಣಲೆ ತಿಕ್ಕಿದವರಲ್ಲ. ಬಂಡಾಯದ ಹೆಸರಿನಲ್ಲಿ ಹೆಂಗಸರನ್ನು ಮತ್ತೆ ಹೊಗೆಯೊಳಗೆ ನೂಕುವ ವಿಮರ್ಶೆ ನಮಗೆ ಬೇಡ. ಅನುಕೂಲ ದೊಡ್ಡ ಮೌಲ್ಯ. ಆ ಅನುಕೂಲದ ಬೆಲೆಯನ್ನು ಇನ್ಯಾರಾದರೂ ಕೊಡುತ್ತಿದ್ದಾರೆಯೇ ಎಂಬುದಷ್ಟೇ ನಮ್ಮ ಪ್ರಶ್ನೆ.

ಕೊಬ್ಬಿನ ವಿಷಯಕ್ಕೆ ಬಂದರೆ ಅವ್ವ ಕೇಳಿದ್ದು ಸರಿಯಾಗಿಯೇ ಇತ್ತು. ಅಮೆರಿಕದ ದಕ್ಷಿಣ ಸೀಮೆಯ ಬಡವರ ಮನೆಗಳಲ್ಲಿ ಬೇಕನ್ ಹುರಿದ ಕೊಬ್ಬನ್ನು ಒಲೆಯ ಪಕ್ಕ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಸೊಪ್ಪಿಗೆ, ಕಾಳಿಗೆ, ಜೋಳದ ರೊಟ್ಟಿಗೆ ಅದೇ ಒಗ್ಗರಣೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸರಕಾರವೇ ಗೃಹಿಣಿಯರಿಗೆ ಬಾಣಲೆಯ ಕೊಬ್ಬನ್ನು ಸೋಸಿ ಕಸಾಯಿ ಅಂಗಡಿಗೆ ತಂದುಕೊಡಿ ಎಂದು ಕರೆ ಕೊಟ್ಟಿತು. ಆ ಕೊಬ್ಬಿನಿಂದ ಗ್ಲಿಸರಿನ್, ಗ್ಲಿಸರಿನ್‌ನಿಂದ ಸಿಡಿಮದ್ದು. ಅಷ್ಟು ಬೆಲೆಯುಳ್ಳ ವಸ್ತು ಅದು. ಬೇಯಿಸಿಟ್ಟ ಬೇಕನ್ನಿನಲ್ಲಿ ಇಳಿದ ಕೊಬ್ಬು ಕಾರ್ಖಾನೆಯಲ್ಲೇ ಉಳಿಯುತ್ತದೆ, ಮತ್ತೊಂದು ಸರಕಾಗಿ ಮತ್ತೊಂದು ಕಡೆ ಮಾರಾಟವಾಗುತ್ತದೆ. ಕೊಂಡವನು ಹಂದಿಯ ದುಡ್ಡೂ ಕೊಟ್ಟ, ಹುರಿದ ಕೂಲಿಯೂ ಕೊಟ್ಟ. ಕೊಬ್ಬು ಮಾತ್ರ ಧಣಿಯದು.

*

ಬೇಕನ್ ಎಂಬ ಹೆಸರನ್ನು ಕನ್ನಡದ ಕಿವಿಯಲ್ಲಿ ಕೇಳಿ. ಅದರೊಳಗೇ 'ಬೇಕು' ಇದೆ. ಈ 'ಬೇಕು' ತಾನಾಗಿ ಹುಟ್ಟಿದ್ದಲ್ಲ. 1920ರ ದಶಕದಲ್ಲಿ ಬೀಚ್-ನಟ್ ಎಂಬ ಕಂಪನಿ ತನ್ನ ಬೇಕನ್ ಮಾರಿಕೊಡಲು ಎಡ್ವರ್ಡ್ ಬರ್ನೇಸ್ ಎಂಬ ಪ್ರಚಾರ ಪಂಡಿತನನ್ನು ಹಿಡಿಯಿತು. ಆಗ ಅಮೆರಿಕನ್ನರ ಬೆಳಗಿನ ತಿಂಡಿ ಹಗುರವಾಗಿತ್ತು. ಬರ್ನೇಸ್ ಒಬ್ಬ ವೈದ್ಯನಿಂದ ಸಾವಿರಾರು ವೈದ್ಯರಿಗೆ ಕಾಗದ ಬರೆಸಿದ: ಹೊಟ್ಟೆತುಂಬ ತಿಂಡಿ ತಿನ್ನುವುದು ಆರೋಗ್ಯಕ್ಕೆ ಒಳ್ಳೆಯದಲ್ಲವೇ ಎಂದು. ಬಹುಪಾಲು ವೈದ್ಯರು ಹೌದೆಂದರು. ಅದು ಪತ್ರಿಕೆಗಳಲ್ಲಿ ಬಂತು. ಹೊಟ್ಟೆತುಂಬ ತಿಂಡಿ ಅಂದರೆ ಬೇಕನ್ನು, ಮೊಟ್ಟೆ ಎಂದಾಯಿತು. ಈ ಕತೆಯನ್ನು ಬರ್ನೇಸ್ ತಾನೇ ಮುಂದೆ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಶಾಸ್ತ್ರ ಹೇಳುವ ಬಾಯಿಯನ್ನು ಹಿಡಿದರೆ ಸಮಾಜದ ಬಾಯಿ ತಾನಾಗಿ ತೆರೆಯುತ್ತದೆ. ಪುರೋಹಿತಶಾಹಿಯನ್ನು ಬಲ್ಲ ನಮಗೆ ಈ ಉಪಾಯ ಹೊಸದೇನಲ್ಲ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಬೇಕನ್ನಿನಂಥ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಶೇಕಡಾ 18ರಷ್ಟು ಹೆಚ್ಚುತ್ತದೆ ಎಂದಿತು. ಅಷ್ಟು ಹೊತ್ತಿಗೆ 'ಬೇಕು' ಬೇರೂರಿ ತೊಂಬತ್ತು ವರ್ಷವಾಗಿತ್ತು.

ಹೆಸರಿನ ಮಾತು ಬಂದಾಗ ಒಂದು ಕಾದಂಬರಿ ನೆನಪಾಗುತ್ತದೆ. 1819ರಲ್ಲಿ ಬಂದ ವಾಲ್ಟರ್ ಸ್ಕಾಟನ 'ಐವನ್‌ಹೋ'. ನಮ್ಮ ಇಂಗ್ಲಿಷ್ ಮೇಷ್ಟರುಗಳು ಅದನ್ನು ಕತ್ತಿ, ಕುದುರೆ, ವೀರರ ಕತೆಯೆಂದು ಪಾಠ ಮಾಡಿದರು. ಅದರ ಮೊದಲ ಅಧ್ಯಾಯದಲ್ಲೇ ಗರ್ತ್ ಎಂಬ ಹಂದಿ ಕಾಯುವ ಜೀತಗಾರ ಇದ್ದಾನೆ. ಅವನ ಕುತ್ತಿಗೆಗೆ ಹಿತ್ತಾಳೆಯ ಪಟ್ಟಿ, ಪಟ್ಟಿಯ ಮೇಲೆ ಒಡೆಯನ ಹೆಸರು. ವಾಂಬಾ ಎಂಬ ವಿದೂಷಕ ಅವನಿಗೆ ಒಂದು ಸತ್ಯ ಹೇಳುತ್ತಾನೆ: ಹಂದಿ ಬದುಕಿದ್ದು ಜೀತಗಾರನ ವಶದಲ್ಲಿರುವವರೆಗೆ ಅದಕ್ಕೆ ಸೋತ ಸ್ಯಾಕ್ಸನ್ನರ ಭಾಷೆಯ ಹೆಸರು, ಸತ್ತು ದೊರೆಯ ತಟ್ಟೆಗೆ ಹೋದೊಡನೆ ಗೆದ್ದ ನಾರ್ಮನ್ನರ ಭಾಷೆಯ ಹೆಸರು. ಮೇಯಿಸುವವನ ಬಾಯಲ್ಲಿ 'ಸ್ವೈನ್', ತಿನ್ನುವವನ ಬಾಯಲ್ಲಿ 'ಪೋರ್ಕ್'. ಇದನ್ನು ನಮಗೆ ಯಾವ ಮೇಷ್ಟರೂ ಒತ್ತಿ ಹೇಳಲಿಲ್ಲ.

ಬೆಂಗಳೂರಿನ ದೊಡ್ಡ ಹೋಟೆಲುಗಳಿಗೆ ಹೋಗಿ ನೋಡಿ. 'ಹಂದಿ' ಅಂದರೆ ಮೂಗು ಮುಚ್ಚುವವನು 'ಬೇಕನ್' ಅಂದರೆ ತಟ್ಟೆ ಒಡ್ಡುತ್ತಾನೆ. ಕೇರಿಯಲ್ಲಿ ಬೆಂದರೆ ಅದು ಹೊಲಸು. ಬೆಳ್ಳಿ ಮುಚ್ಚಳದ ಕೆಳಗೆ ಬಂದರೆ ನಾಗರಿಕತೆ. ಮಾಂಸ ಒಂದೇ. ಬದಲಾಗಿದ್ದು ಹೆಸರು, ಕೈ ಮತ್ತು ವಾಸನೆ.

*

ಈಗ ಆ ಕೈಗಳನ್ನು ನೋಡಬೇಕು.

ಅಮೆರಿಕದ ನೆಲದಲ್ಲಿ ಹಂದಿಯ ಮಾಂಸಕ್ಕೂ ಗುಲಾಮಗಿರಿಗೂ ಹಳೆಯ ನಂಟು. ಗುಲಾಮನಾಗಿ ಹುಟ್ಟಿ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್ 1845ರಲ್ಲಿ ತನ್ನ ಆತ್ಮಕತೆಯಲ್ಲಿ ತೋಟದ ಗುಲಾಮರ ಪಡಿಯ ಲೆಕ್ಕ ಕೊಟ್ಟಿದ್ದಾನೆ: ತಿಂಗಳಿಗೆ 8 ಪೌಂಡ್ ಹಂದಿ ಮಾಂಸ ಅಥವಾ ಅಷ್ಟೇ ಬೆಲೆಯ ಮೀನು, ಜೊತೆಗೆ ಒಂದು ಬುಷೆಲ್ ಜೋಳದ ಹಿಟ್ಟು. ದುಡಿಯುವ ದೇಹ ಬೀಳದಿರಲು ಎಷ್ಟು ಬೇಕೋ ಅಷ್ಟು.

ಅರವತ್ತು ವರ್ಷಗಳ ನಂತರ ಕತೆ ಷಿಕಾಗೋದ ಕಸಾಯಿಖಾನೆಗಳಿಗೆ ಬರುತ್ತದೆ. 1904ರಲ್ಲಿ ಅಪ್ಟನ್ ಸಿಂಕ್ಲೇರ್ ಅಲ್ಲಿನ ಕಾಮಗಾರರ ನಡುವೆ ವಾರಗಟ್ಟಲೆ ಓಡಾಡಿ 'ದಿ ಜಂಗಲ್' ಬರೆದ. ಅದು 1905ರಲ್ಲಿ ಸಮಾಜವಾದಿ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ, 1906ರಲ್ಲಿ ಪುಸ್ತಕವಾಗಿ ಬಂತು. ಲಿಥುವೇನಿಯಾದಿಂದ ವಲಸೆ ಬಂದ ಯುರ್ಗಿಸ್ ಎಂಬ ಗಟ್ಟಿಮುಟ್ಟಾದ ಆಳನ್ನು ಕಾರ್ಖಾನೆ ಹೇಗೆ ಹಿಂಡಿ ಎಸೆಯಿತು ಎಂಬುದು ಅದರ ಕತೆ. ಸಿಂಕ್ಲೇರ್ ಪುಸ್ತಕವನ್ನು ಅರ್ಪಿಸಿದ್ದು ಅಮೆರಿಕದ ದುಡಿಯುವ ಜನಕ್ಕೆ. ಓದಿ ಬೆಚ್ಚಿದ್ದು ಮಾತ್ರ ತಿನ್ನುವ ಜನ. ನಮ್ಮ ತಟ್ಟೆಗೆ ಕೊಳೆತ ಮಾಂಸ ಬರುತ್ತಿದೆಯಲ್ಲಾ ಅಂತ ಗುಲ್ಲೆದ್ದಿತು. 1906ರ ಜೂನ್ 30ರಂದು ಅಧ್ಯಕ್ಷ ರೂಸ್‌ವೆಲ್ಟ್ ಮಾಂಸ ತಪಾಸಣೆ ಕಾಯಿದೆಗೂ, ಆಹಾರ ಮತ್ತು ಔಷಧ ಶುದ್ಧತೆಯ ಕಾಯಿದೆಗೂ ಒಂದೇ ದಿನ ಸಹಿ ಹಾಕಿದ. ಕಾಮಗಾರನ ಬೆರಳಿಗೆ, ಶ್ವಾಸಕೋಶಕ್ಕೆ, ಕೂಲಿಗೆ ಯಾವ ಕಾಯಿದೆಯೂ ಬರಲಿಲ್ಲ. ತಾನು ಗುರಿಯಿಟ್ಟದ್ದು ಜನರ ಎದೆಗೆ, ಏಟು ಬಿದ್ದದ್ದು ಹೊಟ್ಟೆಗೆ ಎಂಬರ್ಥದಲ್ಲಿ ಸಿಂಕ್ಲೇರನೇ ಪೇಚಾಡಿದ. ಇವತ್ತಿಗೂ ಪೊಟ್ಟಣದ ಮೇಲಿರುವ ತಪಾಸಣೆಯ ಮುದ್ರೆ ತಿನ್ನುವವನಿಗೆ ಕೊಟ್ಟ ಭರವಸೆ. ಕೊಯ್ದವನಿಗೆ ಕೊಟ್ಟ ಭರವಸೆಯ ಮುದ್ರೆ ಅದರ ಮೇಲಿಲ್ಲ.

ಸಿಂಕ್ಲೇರನನ್ನು ಹೊಗಳಿ ನಿಲ್ಲಿಸಿದರೆ ನಮ್ಮ ವಿಮರ್ಶೆ ಅರ್ಧವಾಗುತ್ತದೆ. ಅದೇ ಕಾದಂಬರಿಯ ಕೊನೆಯ ಭಾಗದಲ್ಲಿ ಮುಷ್ಕರ ಮುರಿಯಲು ದಕ್ಷಿಣದಿಂದ ಕರೆತಂದ ಕರಿಯ ಕಾಮಗಾರರ ಚಿತ್ರಣ ಬರುತ್ತದೆ. ಬಿಳಿಯ ಕೂಲಿಯವನ ಒಂದೊಂದು ನೋವನ್ನೂ ಮುಟ್ಟಿ ಬರೆದ ಲೇಖನಿ ಅಲ್ಲಿ ಕರಿಯರನ್ನು ಒಂದು ಒರಟು ಹಿಂಡನ್ನಾಗಿ ಮಾಡಿಬಿಡುತ್ತದೆ. ಅವರಲ್ಲಿ ಒಬ್ಬನಿಗೂ ಯುರ್ಗಿಸನಿಗೆ ಸಿಕ್ಕ ಒಳಬದುಕು ಇಲ್ಲ. ವರ್ಗ ಕಂಡ ಕಣ್ಣಿಗೆ ವರ್ಣ ಕಾಣಲಿಲ್ಲ. ನಮ್ಮ ಪ್ರಗತಿಪರರೊಡನೆ ನಾವು ವರ್ಷಗಟ್ಟಲೆ ಮಾಡಿದ ಜಗಳವೂ ಇದೇ ಅಲ್ಲವೇ? ಆ ಕುರುಡನ್ನು ತಿದ್ದಿದ್ದು ಸಾಹಿತಿಗಳಲ್ಲ, ಕಾಮಗಾರರೇ. 1943ರಲ್ಲಿ ಕಟ್ಟಿದ ಮಾಂಸ ಕಾರ್ಖಾನೆ ಕಾರ್ಮಿಕರ ಸಂಘ ಕರಿಯರನ್ನೂ ಬಿಳಿಯರನ್ನೂ ಒಂದೇ ಬಾವುಟದ ಕೆಳಗೆ ತಂದಿತು. ಮುಂದೆ ಮಾರ್ಟಿನ್ ಲೂಥರ್ ಕಿಂಗರ ಚಳವಳಿಗೆ ಹಣ ಕೂಡಿಸಿ ಕೊಟ್ಟಿತು.

ಅಂಥ ಸಂಘಟನೆಯ ಬಲ ಹೇಗೆ ಕುಗ್ಗಿತು ನೋಡಿ. 1984ರಲ್ಲಿ ಮಿನೆಸೋಟಾ ರಾಜ್ಯದ ಆಸ್ಟಿನ್ ಊರಿನಲ್ಲಿ ಹಾರ್ಮೆಲ್ ಕಂಪನಿ ಗಂಟೆಯ ಕೂಲಿಯನ್ನು 10.69 ಡಾಲರಿನಿಂದ 8.25 ಡಾಲರಿಗೆ ಇಳಿಸಿತು. 1985ರ ಆಗಸ್ಟಿನಲ್ಲಿ ಸುಮಾರು 1,500 ಕಾಮಗಾರರು ಮುಷ್ಕರ ಹೂಡಿದರು. ರಾಷ್ಟ್ರೀಯ ಗಾರ್ಡ್ ಪಡೆ ಬಂತು, ಹೊಸ ಆಳುಗಳು ಬಂದರು. ಮೇಲಿನ ಸಂಘವೇ ಊರ ಸಂಘದ ಕೈ ಬಿಟ್ಟಿತು. 1986ರಲ್ಲಿ ಮುಷ್ಕರ ಮುರಿದು ಬಿತ್ತು. ಬಾರ್ಬರಾ ಕಾಪಲ್ ಇದರ ಮೇಲೆ ಮಾಡಿದ 'ಅಮೆರಿಕನ್ ಡ್ರೀಮ್' ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂತು. ಬೇಯಿಸಿಟ್ಟ ಬೇಕನ್ ಮಾರುವ ದೊಡ್ಡ ಕಂಪನಿಗಳಲ್ಲಿ ಹಾರ್ಮೆಲ್ ಇವತ್ತೂ ಒಂದು.

2020ರ ಏಪ್ರಿಲಿನಲ್ಲಿ ಕೊರೋನಾ ಬಂದಾಗ ಸೌತ್ ಡಕೋಟಾದ ಸೂ ಫಾಲ್ಸ್‌ನಲ್ಲಿದ್ದ ಸ್ಮಿತ್‌ಫೀಲ್ಡ್ ಕಂಪನಿಯ ಹಂದಿ ಕಾರ್ಖಾನೆಯಲ್ಲಿ 900ಕ್ಕೂ ಹೆಚ್ಚು ಕಾಮಗಾರರಿಗೆ ಸೋಂಕು ತಗುಲಿತು. ಹೆಗಲಿಗೆ ಹೆಗಲು ತಾಗಿಸಿ ನಿಂತು ಕೊಯ್ಯುವ ಕೆಲಸ. ಅಲ್ಲಿ ಸುಮಾರು 40 ಭಾಷೆಯ ಜನ, ಬಹಳ ಮಂದಿ ವಲಸಿಗರು. ಅದೇ ತಿಂಗಳ 28ರಂದು ಅಧ್ಯಕ್ಷ ಟ್ರಂಪ್ ಮಾಂಸ ಕಾರ್ಖಾನೆಗಳು ನಡೆಯಲೇಬೇಕೆಂದು ಆದೇಶ ಹೊರಡಿಸಿದರು. ಉಳಿದವರು ಮನೆಯೊಳಗಿರಬೇಕು, ಇವರು ಸಾಲಿನಲ್ಲಿ ನಿಲ್ಲಬೇಕು. ಜಾತಿ ಅಂದರೆ ಕೆಲಸದ ವಿಂಗಡಣೆಯಲ್ಲ, ಕೆಲಸಗಾರರನ್ನೇ ವಿಂಗಡಿಸುವುದು ಎಂದು ಅಂಬೇಡ್ಕರ್ 1936ರಲ್ಲೇ ತೋರಿಸಿಕೊಟ್ಟಿದ್ದರು. ಅವರ ಮಾತು ಅರ್ಥವಾಗದವರು ಆ ಏಪ್ರಿಲಿನ ಸೂ ಫಾಲ್ಸನ್ನು ನೋಡಬಹುದು.

*

ಇನ್ನು ವಾಸನೆ ಎಲ್ಲಿ ಹೋಯಿತು?

ಅದು ನಾರ್ತ್ ಕ್ಯಾರೊಲಿನಾ ರಾಜ್ಯದ ಪೂರ್ವಭಾಗಕ್ಕೆ ಹೋಯಿತು. ಅಲ್ಲಿನ ಟಾರ್ ಹೀಲ್ ಎಂಬ ಸಣ್ಣ ಊರಿನಲ್ಲಿ 1992ರಲ್ಲಿ ತೆರೆದ ಸ್ಮಿತ್‌ಫೀಲ್ಡ್ ಕಾರ್ಖಾನೆಗೆ ದಿನಕ್ಕೆ 32,000 ಹಂದಿ ಕೊಯ್ಯುವ ಶಕ್ತಿ. 1994ರಲ್ಲೂ 1997ರಲ್ಲೂ ಸೋತ ಕಾಮಗಾರರು 2008ರಲ್ಲಿ ಮತ ಹಾಕಿ ಸಂಘ ಗೆದ್ದುಕೊಂಡರು. ಅಷ್ಟು ಹಂದಿಗಳನ್ನು ಸುತ್ತಲ ಜಿಲ್ಲೆಗಳ ಕೊಟ್ಟಿಗೆಗಳಲ್ಲಿ ಸಾಕುತ್ತಾರೆ. ಅವುಗಳ ಗಂಜಲ, ಲದ್ದಿ ತೆರೆದ ಹೊಂಡಗಳಿಗೆ ಹೋಗುತ್ತದೆ. ಹೊಂಡದಿಂದ ಪಂಪು ಹಚ್ಚಿ ಹೊಲಗಳ ಮೇಲೆ ಎರಚುತ್ತಾರೆ. ಆ ಹೊಲಗಳ ಪಕ್ಕದಲ್ಲಿ ಇರುವ ಬಹಳಷ್ಟು ಮನೆಗಳು ಕರಿಯರವು. ಎಷ್ಟೋ ಕುಟುಂಬಗಳು ಗುಲಾಮಗಿರಿ ಮುಗಿದ ಕಾಲದಿಂದ ಅಲ್ಲೇ ಇರುವವು. ಒಗೆದು ಹರವಿದ ಬಟ್ಟೆಗೆ ನಾತ, ಅಂಗಳದಲ್ಲಿ ಕೂತು ಉಣ್ಣುವ ಹಾಗಿಲ್ಲ, ನೊಣ.

ಅವರು ಕೋರ್ಟಿಗೆ ಹೋದರು. 2018ರಿಂದ ನಡೆದ ಐದು ವಿಚಾರಣೆಗಳಲ್ಲಿ ಐದರಲ್ಲೂ ಜ್ಯೂರಿ ನೆರೆಯವರ ಪರ ನಿಂತಿತು. ಒಂದರಲ್ಲಿ 47 ಕೋಟಿ ಡಾಲರಿಗೂ ಮೇಲ್ಪಟ್ಟ ಪರಿಹಾರ ಘೋಷಿಸಿತು. ಆದರೆ ದಂಡಕ್ಕೆ ಮಿತಿ ಹಾಕುವ ರಾಜ್ಯದ ಕಾನೂನು ಅದನ್ನು ಸುಮಾರು 9.4 ಕೋಟಿಗೆ ಇಳಿಸಿತು. 2017ರಲ್ಲಿ ಒಮ್ಮೆ, 2018ರಲ್ಲಿ ಇನ್ನೊಮ್ಮೆ ಅಲ್ಲಿನ ಶಾಸನಸಭೆ ನೆರೆಯವರು ಇಂಥ ದಾವೆ ಹೂಡುವುದನ್ನೇ ಬಿಗಿಗೊಳಿಸಿ ಕಾಯಿದೆ ಮಾಡಿತು. 2020ರ ನವೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯವೂ ಕಂಪನಿಯದೇ ಹೊಣೆ ಎಂದ ಮೇಲೆ ಕಂಪನಿ ರಾಜಿಗೆ ಬಂತು. ನಾತದ ಬೆಲೆ ಕಟ್ಟಿದ್ದಾಯಿತು, ಹೊಂಡಗಳು ಉಳಿದವು.

ಈ ಜನ ನಮಗೆ ದೂರದವರಲ್ಲ. 1946ರಲ್ಲಿ ಅಂಬೇಡ್ಕರ್ ಕರಿಯರ ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸರಿಗೆ ಕಾಗದ ಬರೆದು ಎರಡೂ ಜನಗಳ ಪಾಡಿನ ಹೋಲಿಕೆಯನ್ನು ನೆನಪಿಸಿದ್ದರು. 1972ರಲ್ಲಿ ಮುಂಬಯಿಯ ದಲಿತ ಹುಡುಗರು ತಮ್ಮ ಸಂಘಟನೆಗೆ ಪ್ಯಾಂಥರ್ ಎಂಬ ಹೆಸರು ತಂದದ್ದು ಆ ಕರಿಯ ಹುಡುಗರಿಂದಲೇ. ಊರಿನ ಕೊಳೆಯೆಲ್ಲ ಹರಿದು ಬಂದು ನಿಲ್ಲುವ ಕಡೆ ಕೇರಿ ಇರುತ್ತದೆ ಎಂಬುದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಯಾವ ಅನುಕೂಲದಲ್ಲೂ ವಾಸನೆ ಮಾಯವಾಗುವುದಿಲ್ಲ, ಕಡಿಮೆ ದನಿಯವನ ಮನೆ ಬಾಗಿಲಿಗೆ ಹೋಗಿ ಕೂರುತ್ತದೆ. ನನ್ನ ಸೋದರಳಿಯನ ಅಡುಗೆಮನೆ ಘಮ್ಮೆನ್ನದೆ ಉಳಿಯುವುದು, ಇನ್ನೊಬ್ಬಳು ಕರಿಯ ಮುದುಕಿಯ ಅಂಗಳ ನಾರುವುದರಿಂದ. ಅವನು ಬಚ್ಚಿಟ್ಟುಕೊಳ್ಳುವುದು ಜಾತಿಗೆ ಹೆದರಿ; ಅವಳು ಉಸಿರು ಬಿಗಿಹಿಡಿಯುವುದು ವರ್ಣದ ದೆಸೆಯಿಂದ. ಒಂದೇ ಪೊಟ್ಟಣ ಇಬ್ಬರನ್ನೂ ಕಟ್ಟಿಹಾಕಿದೆ.

*

ಕೊನೆಗೆ ನಮ್ಮ ಸಾಹಿತ್ಯದ ಮಾತು. ಸಿಂಕ್ಲೇರನಿಗೆ ಆದದ್ದು ನಮಗೂ ಆಗುತ್ತಿದೆ ಎಂಬ ಅನುಮಾನ ನನ್ನದು. ದಲಿತರ ಬರಹ ಈಗ ಪಠ್ಯಪುಸ್ತಕಕ್ಕೆ ಬಂದಿದೆ, ಬಹುಮಾನಕ್ಕೆ ಬಂದಿದೆ, ಸಾಹಿತ್ಯೋತ್ಸವದ ವೇದಿಕೆಗೆ ಬಂದಿದೆ. ಬರಲೇಬೇಕಿತ್ತು. ಆದರೆ ಹೇಗೆ ಬಂದಿದೆ? ಸಿದ್ಧಲಿಂಗಯ್ಯನವರ 'ಊರುಕೇರಿ'ಯನ್ನು ಓದಿ ಹೊಟ್ಟೆ ಹುಣ್ಣಾಗುವಂತೆ ನಕ್ಕವರು ಅದರೊಳಗಿನ ಹಸಿವನ್ನು ಬಿಟ್ಟುಬಿಡುತ್ತಾರೆ. ಆತ್ಮಕತೆಯ ಎರಡು ಪುಟ ಕತ್ತರಿಸಿ, ಕೊಬ್ಬು ಇಳಿಸಿ, ವಾಸನೆ ತೆಗೆದು, ಕೊನೆಯಲ್ಲಿ ಐದು ಪ್ರಶ್ನೆ ಸೇರಿಸಿ ಮಕ್ಕಳಿಗೆ ಕೊಟ್ಟರೆ ಅದೂ ಬೇಯಿಸಿಟ್ಟ ಪೊಟ್ಟಣವೇ. ಓದಿದವನ ಕೈಗೆ ಒಂದು ಹನಿಯೂ ಸಿಡಿಯುವುದಿಲ್ಲ. ಲೇಖಕನ ನೋವು ಓದುಗನಿಗೆ ಅನುಕೂಲವಾಗಿಬಿಡುತ್ತದೆ.

ಹಳ್ಳಿಯ ಮೇಷ್ಟರುಗಳಲ್ಲಿ ನನ್ನದೊಂದು ವಿನಂತಿ. ಅಂಥ ಪಾಠ ಬಂದ ದಿನ, ಈ ಊರಲ್ಲಿ ಸತ್ತ ದನ ಎಳೆಯುವವರು ಯಾರು, ಚರಂಡಿ ಬಳಿಯುವವರು ಯಾರು, ಅವರ ಮನೆ ಯಾವ ದಿಕ್ಕಿಗಿದೆ ಎಂದು ಕೇಳಿ. ಕೇಳುವಾಗ ಕೇರಿಯ ಮಕ್ಕಳ ಕಡೆ ನೋಡಬೇಡಿ, ಅವರಿಗೆ ಉತ್ತರ ಗೊತ್ತು. ಊರ ಮಕ್ಕಳ ಕಡೆ ನೋಡಿ ಕೇಳಿ.

ನಮ್ಮಲ್ಲಿ ಹಬ್ಬಕ್ಕೆ ಗುಡ್ಡೆ ಬಾಡು ಹಾಕುತ್ತೇವೆ. ಯಾರು ಕೊಯ್ದರು, ಯಾರು ಸುಲಿದರು, ಯಾವ ಗುಡ್ಡೆ ಯಾರಿಗೆ ಹೋಯಿತು ಎಲ್ಲ ಕಣ್ಣೆದುರಿಗೇ. ಪಾಲಿನಲ್ಲಿ ಮೋಸವಾದರೆ ಅಲ್ಲೇ ಜಗಳ. ಆ ಜಗಳಕ್ಕೆ ಜಾಗ ಇರುವುದೇ ಅದರ ಮರ್ಯಾದೆ. ಪೊಟ್ಟಣದಲ್ಲಿ ಇಲ್ಲದ್ದು ಇದೇ.

2023ರ ಫೆಬ್ರವರಿಯಲ್ಲಿ ಅಮೆರಿಕದ ಸಿಯಾಟಲ್ ನಗರಸಭೆ ಜಾತಿ ತಾರತಮ್ಯವನ್ನು ನಿಷೇಧಿಸಿತು. ಆ ದೇಶದಲ್ಲಿ ಅಂಥ ನಿಯಮ ಮಾಡಿದ ಮೊದಲ ನಗರ ಅದು. ನಮ್ಮ ಹುಡುಗರು ಅಲ್ಲಿ ಬಾಯಿಬಿಟ್ಟು ಮಾತಾಡಿದ್ದಕ್ಕೆ ಅದು ಆಯಿತು. ಹುಡುಗ ಹೊರಡುವ ದಿನ ನಾನು ಈ ಮಾತು ತೆಗೆದೆ. ಅವ್ವ ಅಷ್ಟೆಲ್ಲ ಕೇಳಿಸಿಕೊಳ್ಳಲಿಲ್ಲ. "ಹೊತ್ತಿಲ್ಲದ ದಿನ ಅದನ್ನೇ ತಿನ್ನು ಮಗ, ಬೇಡ ಅನ್ನಲ್ಲ. ಭಾನುವಾರ ಮಾತ್ರ ಹಸೀದು ತಂದು ಹುರಿ. ಕಿಟಕಿ ತೆಗೆದು ಹುರಿ," ಅಂದಳು.